ಸ್ಟೀರಿಂಗ್ ಸದ್ದು ಹುಡುಕೋಕೆ ಯಾವುದು ವಾಸಿ: ಕಿವಿ, ಕೈ, ಸ್ಟೆತಾಸ್ಕೋಪ್, ಮೊಬೈಲ್?

ಕಾರಿನ ಸ್ಟೀರಿಂಗ್ ತಿರುಗಿಸಿದಾಗ ಬರೋ ಸದ್ದಿನ ಜಾಗ ಹುಡುಕೋಕೆ ಈ ನಾಲ್ಕನ್ನೂ ಬಳಸಿ ನೋಡಿದ್ದೇನೆ. ಒಂದನ್ನೇ ಆರಿಸಿ ಅಂದರೆ ನನ್ನ ಓಟು ಕೈಗೆ.

ಬರೀ ಕಿವಿಯನ್ನು ನಂಬೋದು ಕಷ್ಟ. ಕಬ್ಬಿಣದ ಮೂಲಕ ಸದ್ದು ಸುಲಭವಾಗಿ ಹರಿಯುತ್ತದೆ. ಚಕ್ರದ ಹತ್ತಿರ ಹುಟ್ಟಿದ ಟಕ್ ಟಕ್ ಡ್ಯಾಶ್‌ಬೋರ್ಡ್ ಒಳಗಿಂದ ಬಂದ ಹಾಗೆ ಕೇಳಿಸುತ್ತದೆ. ಆದರೆ ಸದ್ದು ಎಲ್ಲಿ ಅನ್ನೋದು ಬಿಟ್ಟು, ಯಾವಾಗ ಅನ್ನೋದನ್ನು ಹಿಡಿಯೋಕೆ ಕಿವಿಯೇ ಸಾಕು. ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ನಡೆಯೋ) ಸ್ಟೀರಿಂಗ್ ಇದ್ದು, ಆಕ್ಸಿಲರೇಟರ್ ಒತ್ತಿದಂತೆ ಗುಂಯ್ ಅನ್ನೋ ಸದ್ದು ಏರಿದರೆ ಮೊದಲು ಆಯಿಲ್ ಮಟ್ಟ ನೋಡಿ. ಆಯಿಲ್ ನೊರೆ ನೊರೆಯಾಗಿದ್ದರೆ ಗಾಳಿ ಸೇರಿದೆ ಅಂತ ಅರ್ಥ. ಓಡುವಾಗ ತಿರುವಿನಲ್ಲಿ ಮಾತ್ರ ಕಟಕಟ ಅಂದರೆ ಸಿವಿ ಜಾಯಿಂಟ್ (ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸೋ ಶಾಫ್ಟಿನ ಕೀಲು) ಮೇಲೆ ಅನುಮಾನ ಪಡಿ. ಅದು ಸ್ಟೀರಿಂಗ್‌ನ ಭಾಗವೇ ಅಲ್ಲ!

ಇನ್ನು ಕೈ. ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಅಡ್ಡ ಕಲ್ಲು, ಎಂಜಿನ್ ಆಫ್. ಜಾಕ್ ಬೇಡ, ಚಕ್ರದ ಮೇಲೆ ಭಾರ ಇರಲೇಬೇಕು. ಸ್ಟೀರಿಂಗ್ ಲಾಕ್ ಬಿಡಿಸಿ, ಇನ್ನೊಬ್ಬರಿಗೆ ಎಡಬಲಕ್ಕೆ ಸ್ವಲ್ಪವೇ ಅಲ್ಲಾಡಿಸೋಕೆ ಹೇಳಿ. ಟೈ ರಾಡ್ ಎಂಡ್ (ಸ್ಟೀರಿಂಗಿನ ಸರಳು ಚಕ್ರದ ಕಡೆ ಸೇರೋ ಕೀಲು) ಮೇಲೆ ಬೆರಳಿಡಿ. ಜಾಯಿಂಟ್ ಸವೆದಿದ್ದರೆ ಬೆರಳಿಗೇ ಟಕ್ ಅಂತ ಬಡಿಯುತ್ತದೆ. ಒಳಗಿನ ರ‍್ಯಾಕ್ ಎಂಡ್ (ಅದೇ ಸರಳಿನ ಒಳತುದಿಯ ಕೀಲು) ಬೂಟ್ ಅನ್ನೋ ರಬ್ಬರ್ ಕವಚದೊಳಗೆ ಇರೋದರಿಂದ ಬೂಟನ್ನು ಹಿಂಡಿ ಹಿಡಿದು ನೋಡಬೇಕು. ಆಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸುವಾಗ ಮುಂದಿನ ಚಕ್ರದ ಸಸ್ಪೆನ್ಶನ್ ಸ್ಪ್ರಿಂಗ್ ಮೇಲೆ ಅಂಗೈ ಇಡಿ. (ಸುರುಳಿಗಳ ನಡುವೆ ಬೆರಳು ತೂರಿಸಬೇಡಿ, ದಯವಿಟ್ಟು.) ಎಂಜಿನ್ ಆಫ್ ಇದ್ದಾಗ ಸ್ಟೀರಿಂಗ್ ತುಂಬಾ ಬಿಗಿ, ಇದಕ್ಕೆ ಮಾತ್ರ ಸ್ಟಾರ್ಟ್ ಮಾಡಬೇಕಾಗಬಹುದು. ಸ್ಟ್ರಟ್ (ಈ ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್) ಮೇಲಿನ ಬೇರಿಂಗ್ ಬಿಗಿಯಾಗಿದ್ದರೆ ಸ್ಪ್ರಿಂಗ್ ಚಕ್ರದ ಜೊತೆ ಸಲೀಸಾಗಿ ತಿರುಗದೆ, ತಿರುಚಿಕೊಂಡು ಥಟ್ಟನೆ ಜಿಗಿಯುತ್ತದೆ.

ಮೆಕ್ಯಾನಿಕ್ಕುಗಳು ಬಳಸೋ ಸ್ಟೆತಾಸ್ಕೋಪ್ ಮೇಲೆ ನನಗೆ ಆಸೆ ಜಾಸ್ತಿ ಇತ್ತು. ಟಕ್ ಟಕ್ ಸದ್ದಿಗೆ ಅದು ಅಷ್ಟಕ್ಕಷ್ಟೆ. ಎಲ್ಲಿ ಇಟ್ಟರೂ ಅದೇ ಟಕ್ ಟಕ್! ಆದರೆ ಗುಂಯ್ ಅನ್ನೋದು ಸ್ಟೀರಿಂಗ್ ಪಂಪಿನದೋ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್‌ನದೋ ಅಂತ ಬೇರ್ಪಡಿಸೋಕೆ ಅದನ್ನು ಮೀರಿಸಿದ್ದಿಲ್ಲ. ಉದ್ದ ಸ್ಕ್ರೂಡ್ರೈವರ್‌ನ ತುದಿಯನ್ನು ಅಲ್ಲಿಗೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿದರೂ ಸುಮಾರಾಗಿ ಅದೇ ಕೆಲಸ ಆಗುತ್ತದೆ. ಎರಡರಲ್ಲೂ ಎಂಜಿನ್ ಓಡುತ್ತಿರುತ್ತದೆ, ಬೆಲ್ಟು ಫ್ಯಾನುಗಳಿಂದ ಕೈ, ಕೂದಲು ದೂರವಿರಲಿ.

ಮೊಬೈಲ್ ರೆಕಾರ್ಡಿಂಗಲ್ಲಿ ಟೈರ್ ಮತ್ತು ಗಾಳಿಯದ್ದೇ ಗಲಾಟೆ. ಆದರೂ ಕೈ ಸೋಲೋ ಒಂದು ಕಡೆ ಅದು ಬೇಕು. ಲಿಂಕ್ ರಾಡ್ (ಕಾರು ವಾಲದಂತೆ ತಡೆಯೋ ಬಾರನ್ನು ಸಸ್ಪೆನ್ಶನ್ನಿಗೆ ಜೋಡಿಸೋ ಸಣ್ಣ ಸರಳು) ಸವೆದಿದ್ದರೆ ನಿಂತ ಕಾರಲ್ಲಿ ಸ್ಟೀರಿಂಗ್ ಎಷ್ಟು ಅಲ್ಲಾಡಿಸಿದರೂ ಸಾಮಾನ್ಯವಾಗಿ ಸುಮ್ನೆ ಇರುತ್ತದೆ, ಸಣ್ಣ ಗುಂಡಿಗಳ ಮೇಲೆ ಹೋದಾಗಲೇ ಕಟಕಟ. ಗ್ಯಾರೇಜಿಗೆ ಹೋದಾಗ ಸದ್ದು ಬರದಿದ್ದರೆ ತೋರಿಸೋಕೆ ಆ ರೆಕಾರ್ಡಿಂಗ್ ಒಂದೇ ಇರುತ್ತದೆ.