ಬೂಷ್ಟು ಹಿಡಿದ ಪ್ಲೇಟಿಗೆ ಯಾವುದು ಒಳ್ಳೆಯದು? ಸ್ಪಿರಿಟ್, ಫೆವಿಕಾಲ್, ಸೋಪು ನೀರು

ಬದಿಯಡ್ಕದ ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಗ್ರಾಮಫೋನ್ ಪ್ಲೇಟುಗಳಿದ್ದವು. ಕಾಸರಗೋಡಿನ ಮಳೆಗಾಲ ಗೊತ್ತಲ್ವಾ, ಗೋಡೆಯೇ ಬೆವರುತ್ತದೆ, ಇನ್ನು ಕಾಗದದ ಕವರಿನೊಳಗಿದ್ದ ಪ್ಲೇಟಿಗೆ ಬೂಷ್ಟು ಹಿಡಿಯದೆ ಇರುತ್ತದಾ? ಮೂರು ವಿಧಾನ ಮಾಡಿ ನೋಡಿದೆ.

ಮೊದಲು ಸ್ಪಿರಿಟ್, ಅಂದರೆ ಐಸೋಪ್ರೊಪೈಲ್ ಆಲ್ಕೋಹಾಲ್. ಮೂರು ಪಾಲು ಡಿಸ್ಟಿಲ್ಡ್ ವಾಟರ್‌ಗೆ ಒಂದು ಪಾಲು ಬೆರೆಸಿ ಎಲ್‌ಪಿ (ಆಮೇಲೆ ಬಂದ ವಿನೈಲ್ ಪ್ಲೇಟು) ಒರೆಸಿದರೆ ಬೂಷ್ಟು, ಬೆರಳಿನ ಜಿಡ್ಡು ಎರಡೂ ಹೋಗುತ್ತದೆ, ಬೇಗ ಒಣಗುತ್ತದೆ. ಆದರೆ 78ರ ಪ್ಲೇಟೊಂದಕ್ಕೆ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟು) ನೀರು ಬೆರೆಸದೆ ಹಚ್ಚಿಬಿಟ್ಟೆ. ಬಟ್ಟೆಗೆ ಕಪ್ಪು ಹತ್ತಿತು. ಕೊಳೆ ಅಂದುಕೊಂಡೆ, ಅದು ಪ್ಲೇಟೇ! 78ರ ಪ್ಲೇಟು ಅಂದರೆ ಅರಗು, ಜೊತೆಗೆ ಕಲ್ಲಿನ ಪುಡಿ. ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ, ಮರಕ್ಕೆ ಪಾಲಿಶ್ ಹಾಕುವವರು ಅದನ್ನು ಕರಗಿಸುವುದೂ ಸ್ಪಿರಿಟ್‌ನಲ್ಲೇ. ಆ ಬದಿಯ ಹಾಡು ಹೋಯಿತು, ಈಗಲೂ ಬೇಜಾರಾಗುತ್ತದೆ. ಲೇಬಲ್‌ನಲ್ಲಿ 78 ಅಂತ ಇದ್ದರೆ ಸ್ಪಿರಿಟ್ ಹತ್ತಿರ ತರಬೇಡಿ.

ಫೆವಿಕಾಲ್ ಅನ್ನು ಎಲ್‌ಪಿಗೆ ಮಾತ್ರ ಹಾಕಿದೆ. ಲೇಬಲ್ ಬಿಟ್ಟು ದಪ್ಪಗೆ ಹರಡಿ, ಗಾಜಿನ ಹಾಗೆ ಆದ ಮೇಲೆ ಸಿಪ್ಪೆಯಂತೆ ಎಳೆಯುವುದು. ಗೆರೆಯ ತಳದ ಧೂಳೂ ಎದ್ದು ಬರುತ್ತದೆ, ಚಟಪಟ ಸದ್ದು ಇದರಲ್ಲಿ ಇಳಿದಷ್ಟು ಬೇರೆ ಯಾವುದರಲ್ಲೂ ಇಳಿಯಲಿಲ್ಲ. ಮಾರ್ಚ್‌ನಲ್ಲಿ ಒಂದು ರಾತ್ರಿ ಸಾಕಾಯಿತು, ಜೂನ್‌ನಲ್ಲಿ ಎರಡು ದಿನವಾದರೂ ಹಸಿ. ತೆಳುವಾದಲ್ಲಿ ಹರಿದು ತುಂಡು ಅಂಟಿಕೊಂಡರೆ ಅದರ ಮೇಲೆಯೇ ಇನ್ನೊಂದು ಪದರ ಹಾಕಿ ಎಳೆಯಬೇಕು. ಹತ್ತಾರು ಎಲ್‌ಪಿ ಇದ್ದರೆ ಆಗದ ಕೆಲಸ.

ನನಗೆ ಉಳಿದದ್ದು ಸೋಪು ನೀರೇ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ, ಮೆತ್ತಗಿನ ಬ್ರಷ್, ಗೆರೆ ಹೋದ ದಿಕ್ಕಿನಲ್ಲೇ ಉಜ್ಜುವುದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ, ಇಲ್ಲದಿದ್ದರೆ ಸೋಪು ಗೆರೆಯಲ್ಲೇ ಒಣಗುತ್ತದೆ. ನಮ್ಮ ಬೋರ್‌ವೆಲ್ ನೀರು ಬಿಳಿ ಕಲೆ ಬಿಟ್ಟಿತು. 78ನ್ನು ನೆನೆಹಾಕಬೇಡಿ, ಒರೆಸಿ ಕೂಡಲೇ ಒಣಗಿಸಿ, ಅದೂ ನೆರಳಿನಲ್ಲಿ. ಬಿಸಿಲಿಗೆ ಎಲ್‌ಪಿಯೂ ಬಾಗುತ್ತದೆ.

ಹಳೆಯ ಕವರಿಗೆ ಮಾತ್ರ ವಾಪಸ್ ಹಾಕಬೇಡಿ, ಬೂಷ್ಟು ಅಲ್ಲೇ ಕೂತಿರುತ್ತದೆ. 78 ಆದರೆ ತೊಳೆದ ಮೇಲೆ ಹೊಸ ಮುಳ್ಳು ಹಾಕಿ. ಉಕ್ಕಿನ ಮುಳ್ಳು ಇರುವುದೇ ಒಂದು ಬದಿಗೆ.