ಕೆಲಗೇರಿ ಕಡೆಯ ಮೌನ ರಿಟ್ರೀಟ್: ಮೂರು ದಿನಗಳಲ್ಲಿ ಸಿಗುವುದೇನು?

ಹುಬ್ಬಳ್ಳಿ-ಧಾರವಾಡದಲ್ಲಿ ಧ್ಯಾನಕೂಟ ಎಂಬ ಹೆಸರಿನಿಂದ ನಡೆಯುವ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ವಾಸ್ತವವಾಗಿ ಪ್ರಸಂಗದ ಕೂಟಗಳೇ ಆಗಿರುತ್ತವೆ. ಬೆಳಗಿನಿಂದ ಸಂಜೆಯವರೆಗೆ ಮೈಕಿನ ಮುಂದೆ ಒಬ್ಬರಾದ ಮೇಲೊಬ್ಬರು ಮಾತನಾಡುತ್ತಾರೆ, ನಡುನಡುವೆ ಹಾಡುಗಳಿರುತ್ತವೆ. ಧ್ಯಾನಿಸುವುದಕ್ಕೆ ಮಾತ್ರ ಬಿಡುವಿರುವುದಿಲ್ಲ. ಧಾರವಾಡದ ಕೆಲಗೇರಿ ಕಡೆಗೆ ಕ್ಯಾಥೊಲಿಕ್ ಧರ್ಮಭಗಿನಿಯರು (ಸಿಸ್ಟರ್‌ಗಳು) ನಡೆಸುವ ಒಂದು ಸಣ್ಣ ಧ್ಯಾನಮಂದಿರದ ಮೂರು ದಿನಗಳ ಮೌನ ರಿಟ್ರೀಟ್, ಅಂದರೆ ಮನೆ-ಕೆಲಸ ಬಿಟ್ಟು ಅಲ್ಲೇ ತಂಗಿ ಮೌನವಾಗಿ ಮಾಡುವ ಧ್ಯಾನ, ಆ ಜಾತಿಯದಲ್ಲ. ಅದರಲ್ಲಿ ಪಾಲ್ಗೊಂಡು ಕೆಲವು ತಿಂಗಳು ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಇಂಥ ಸೇವೆಗೆ ಮುಗಿದ ದಿನವೇ ಬೆಲೆ ಕಟ್ಟಲು ಬರುವುದಿಲ್ಲ; ಆ ದಿನ ಎಲ್ಲರಿಗೂ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಇಲ್ಲಿ ಕಲಿಸುವ ಮುಖ್ಯ ಸಂಗತಿ ಒಂದೇ: ದಿನದ ಕೊನೆಗೆ ಸ್ವಲ್ಪ ಹೊತ್ತು ಕುಳಿತು ಮಾಡುವ ಆತ್ಮಪರಿಶೋಧನೆ. ಯೇಸುಸಭೆ (ಜೆಸ್ವಿಟ್) ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘವನ್ನು ಸ್ಥಾಪಿಸಿದ ಲೊಯೋಲದ ಸಂತ ಇಗ್ನೇಷಿಯಸ್ ರೂಪಿಸಿದ ಆಧ್ಯಾತ್ಮಿಕ ಸಾಧನೆಗಳ ಒಂದು ಭಾಗವಿದು. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದ ಅವರು, ಶೌರ್ಯ-ಶೃಂಗಾರದ ಕನಸುಗಳು ಕಾಣುವಾಗ ಸವಿಯಾಗಿದ್ದರೂ ಮುಗಿದ ಮೇಲೆ ಮನಸ್ಸನ್ನು ಬರಿದು ಮಾಡುತ್ತವೆ, ಕ್ರಿಸ್ತನ ಮತ್ತು ಸಂತರ ಚಿಂತನೆಯಾದರೋ ಮುಗಿದ ಮೇಲೂ ಸಂತೋಷವನ್ನು ಉಳಿಸುತ್ತದೆ ಎಂಬುದನ್ನು ತಮ್ಮಲ್ಲೇ ಗಮನಿಸಿದರು. ಯಾವ ಆಲೋಚನೆ ಏನನ್ನು ಉಳಿಸಿ ಹೋಗುತ್ತದೆ ಎಂದು ನೋಡುವ ಈ ಅಭ್ಯಾಸವೇ ಅವರ ಪದ್ಧತಿಯ ಬೇರು. ಮಾರ್ಗದರ್ಶನ ಮಾಡುವ ಸಿಸ್ಟರ್ ಈ ವೃತ್ತಾಂತವನ್ನು ಮೊದಲ ಸಂಜೆಯೇ ಹೇಳಿ ಐದು ಹಂತಗಳನ್ನು ವಿವರಿಸುತ್ತಾರೆ: ದೇವರಿಗೆ ಕೃತಜ್ಞತೆ ಸಲ್ಲಿಸುವುದು, ತನ್ನನ್ನು ಇದ್ದಂತೆ ಕಾಣುವ ಬೆಳಕನ್ನು ಬೇಡುವುದು, ಕಳೆದ ದಿನವನ್ನು ಬೆಳಗಿನಿಂದ ನೆನೆಯುವುದು, ತಪ್ಪಿಗೆ ಕ್ಷಮೆ ಕೇಳುವುದು, ನಾಳೆಗೆ ಒಂದು ನಿರ್ಧಾರ ಮಾಡುವುದು. ನಮ್ಮ ಹುಬ್ಬಳ್ಳಿಯ ದುರ್ಗದಬೈಲು ಪೇಟೆಯ ವ್ಯಾಪಾರಸ್ಥರಿಗೆ ಇದು ಅಂಗಡಿ ಮುಚ್ಚುವ ಮುನ್ನ ಖಾತೆ ಪುಸ್ತಕ ನೋಡಿದಂತೆ ಕಾಣಬಹುದು. ಆದರೆ ಇಲ್ಲಿ ಮೊದಲು ಬರುವುದು ಬಾಕಿಯಲ್ಲ, ಕೈಸೇರಿದ್ದರ ಲೆಕ್ಕ. ಈ ಕ್ರಮ ತಿರುವುಮುರುವಾದರೆ ಆತ್ಮಪರಿಶೋಧನೆ ಹೋಗಿ ಆತ್ಮನಿಂದೆ ಉಳಿಯುತ್ತದೆ ಎಂದು ಸಿಸ್ಟರ್ ಪದೇ ಪದೇ ಎಚ್ಚರಿಸುತ್ತಾರೆ. ಇಡೀ ರಿಟ್ರೀಟಿನಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡ ಮಾತು ಅದೇ.

ಎರಡನೆಯ ದಿನ ಧ್ಯಾನಕ್ಕೆ ಕೊಡುವುದು ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿರುವ ಜಕ್ಕಾಯನ ಪ್ರಸಂಗ. ಮರ ಹತ್ತಿದ ಗಿಡ್ಡ ಮನುಷ್ಯನೆಂದು ಸಂಡೇ ಸ್ಕೂಲಿನಿಂದಲೂ ಎಲ್ಲರಿಗೂ ಪರಿಚಿತನಾದ ಈ ಸುಂಕದವನಿಗೆ ಯೇಸುಸ್ವಾಮಿ ಉಪದೇಶವನ್ನೇ ಮಾಡುವುದಿಲ್ಲ; ಇಂದು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದಷ್ಟೇ ಹೇಳುತ್ತಾರೆ. ಪರಿವರ್ತನೆಯಾದ ಜಕ್ಕಾಯ ಆಡುವುದೂ ಭಾವಾವೇಶದ ಮಾತಲ್ಲ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು. ಇದನ್ನು ಓದಿದ ಮೇಲೆ ಪ್ರತಿಯೊಬ್ಬರೂ ಆವರಣದ ಮಾವಿನ ಮರಗಳ ಕೆಳಗೆ ಒಂಟಿಯಾಗಿ ಕುಳಿತು, ತಾವು ಯಾರಿಗೆ ಏನನ್ನು ಮರಳಿಸಬೇಕಾಗಿದೆ ಎಂದು ಬರೆಯಬೇಕು. ಅದು ಹಣವಿರಬಹುದು, ಕೇಳದೆ ಬಿಟ್ಟ ಕ್ಷಮೆಯಿರಬಹುದು, ಹಂಚಿಕೆಯ ಸಮಯದಲ್ಲಿ ಅಣ್ಣತಮ್ಮಂದಿರಿಂದ ಮುಚ್ಚಿಟ್ಟ ಕಾಗದವೂ ಇರಬಹುದು. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಸಾಕ್ಷಿ ಹೇಳಿರೆಂದು, ಅಂದರೆ ದೇವರು ತಮ್ಮ ಬಾಳಿನಲ್ಲಿ ಮಾಡಿದ್ದನ್ನು ಎಲ್ಲರೆದುರು ಹೇಳಿರೆಂದು, ಯಾರನ್ನೂ ಮುಂದಕ್ಕೆ ಕರೆಯುವುದಿಲ್ಲ. ಕೂಟದಿಂದ ಕೂಟಕ್ಕೆ ಸಾಕ್ಷಿಗಳು ಸ್ವಲ್ಪ ಸ್ವಲ್ಪವಾಗಿ ಬೆಳೆಯುತ್ತ ಹೋಗುವುದನ್ನು ಕಂಡವರಿಗೆ ಇದೆಷ್ಟು ದೊಡ್ಡ ನೆಮ್ಮದಿಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್) ಸಭೆಯವರಿಗೆ, ಅದರಲ್ಲೂ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಪರಂಪರೆಯಲ್ಲಿ ಬೆಳೆದ ನಮ್ಮಂಥವರಿಗೆ, ಇದು ಕ್ಯಾಥೊಲಿಕರ ಪದ್ಧತಿಯೆಂಬ ಸಂಕೋಚವಿರುವುದು ಸಹಜ. ಆದರೆ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಕಾಲಿಟ್ಟ ಬಾಸೆಲ್ ಮಿಷನ್ನಿನ ಹಿಂದಿದ್ದದ್ದು ಜರ್ಮನಿಯ ವುರ್ಟೆಂಬರ್ಗಿನ ಪಯಟಿಸ್ಟ್ ಭಕ್ತಿಪಂಥ. ಸಭೆಗೆ ಹೋಗಿ ಬಂದರೆ ಸಾಲದು, ಒಳಗಿನ ಮನುಷ್ಯ ಹೊಸಬನಾಗಬೇಕು, ಅದಕ್ಕಾಗಿ ದಿನವೂ ಸತ್ಯವೇದವನ್ನು ಓದಿ ಮನಸ್ಸನ್ನು ಪರೀಕ್ಷಿಸಿಕೊಳ್ಳಬೇಕು ಎಂಬುದೇ ಆ ಪಂಥದ ತಿರುಳಾಗಿತ್ತು. ಹಾಗಾಗಿ ಇಲ್ಲಿ ಕಲಿಸುವುದು ನಮಗೆ ಪರಕೀಯವಲ್ಲ. ಮನೆಪ್ರಾರ್ಥನೆಯ ಜೊತೆಗೇ ನಮ್ಮ ಮನೆಗಳಿಂದ ಜಾರಿಹೋಗುತ್ತಿರುವ ಅಭ್ಯಾಸಕ್ಕೆ ಇದು ತೀರ ಹತ್ತಿರದ್ದು. ಬೆಳಗಿನ ಬಲಿಪೂಜೆಗೆ, ಅಂದರೆ ಕ್ಯಾಥೊಲಿಕರ ರೊಟ್ಟಿ-ದ್ರಾಕ್ಷಾರಸದ ಆರಾಧನೆಗೆ, ಬರಲೇಬೇಕೆಂಬ ಒತ್ತಾಯವೂ ಇಲ್ಲಿಲ್ಲ.

ವಸತಿ ಸರಳವಾಗಿದೆ, ಸ್ವಚ್ಛವಾಗಿದೆ. ಬಿಸಿನೀರು ಬೆಳಿಗ್ಗೆ ಮಾತ್ರ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ-ಸಾರಿನ ಊಟವನ್ನು ಮೌನವಾಗಿಯೇ ಮಾಡಬೇಕು. ಮೊಬೈಲನ್ನು ಮೊದಲೇ ಒಪ್ಪಿಸಿಬಿಡಬೇಕು.

ಕೊರತೆ ಎದ್ದು ಕಾಣುವುದು ಕೊನೆಯ ದಿನ. ಗಲಾತ್ಯದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿ ಹೇಳಿರುವ ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ ಮೊದಲಾದ ಒಂಬತ್ತು ಗುಣಗಳ ಮೇಲೆ ಹೊರಗಿನಿಂದ ಬಂದ ಉಪನ್ಯಾಸಕರೊಬ್ಬರು ದೀರ್ಘವಾಗಿ ಮಾತನಾಡಿ, ಪ್ರತಿಯೊಂದು ಗುಣಕ್ಕೂ ನಮಗೆ ನಾವೇ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟುಕೊಳ್ಳಲು ಹೇಳಿದರು. ಅಪೊಸ್ತಲ ಪೌಲನು ಅವನ್ನು ಆತ್ಮನಿಂದ ಉಂಟಾಗುವ ಫಲವೆಂದು ಕರೆದಿರುವಾಗ, ಪರೀಕ್ಷೆಯ ಪಟ್ಟಿಯಂತೆ ಎಣಿಸುವುದು ಎರಡು ದಿನ ಕಲಿಸಿದ್ದನ್ನು ಅಳಿಸಿದಂತಾಯಿತು. ಸಿಸ್ಟರ್ ಜೊತೆ ಒಬ್ಬೊಬ್ಬರಾಗಿ ಮಾತನಾಡಲು ಸಿಗುವ ಸಮಯವೂ ತೀರ ಕಡಿಮೆ. ಮನೆಗೆ ಮರಳಿದ ಮೇಲೆ ಅಭ್ಯಾಸ ನಡೆದಿದೆಯೇ ಎಂದು ಕೇಳುವ ವ್ಯವಸ್ಥೆಯಂತೂ ಇಲ್ಲವೇ ಇಲ್ಲ.

ಪರಿಣಾಮದ ವಿಷಯಕ್ಕೆ ಬಂದರೆ, ನನ್ನ ಸಿಟ್ಟು ಕಡಿಮೆಯಾಗಿದೆ ಎಂದು ಬರೆದರೆ ಮನೆಯವರು ನಕ್ಕಾರು. ಆದರೆ ಯಾವ ಮಾತಿಗೆ ಸಿಟ್ಟು ಬಂತು, ಅದರ ಹಿಂದೆ ಯಾವ ಭಯವಿತ್ತು ಎಂಬುದು ಈಗ ಅದೇ ಸಂಜೆ ತಿಳಿಯುತ್ತದೆ. ಮರುದಿನ ಹೋಗಿ ಒಂದು ಮಾತು ಆಡಲು ದಾರಿಯಾಗುತ್ತದೆ. ಮೂರು ದಿನಗಳ ಸೇವೆಯಿಂದ ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವವರು, ಅದ್ಭುತ ಅನುಭವವನ್ನು ಹುಡುಕುವವರು ನಿರಾಶರಾಗುತ್ತಾರೆ. ತೀವ್ರ ಖಿನ್ನತೆಯಲ್ಲಿರುವವರಿಗೆ ಇಷ್ಟು ದೀರ್ಘ ಮೌನ ಭಾರವಾಗಬಹುದಾದ್ದರಿಂದ ಅವರು ಮೊದಲು ವೈದ್ಯರನ್ನು ಕಾಣುವುದು ಒಳ್ಳೆಯದು.

ನಿಗದಿತ ಶುಲ್ಕವಿಲ್ಲ, ಹೊರಡುವಾಗ ಲಕೋಟೆಯಲ್ಲಿ ಶಕ್ತ್ಯಾನುಸಾರ ಕಾಣಿಕೆ ಇಟ್ಟರೆ ಸಾಕು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದಲ್ಲಿ ಜಾಗ ಸಿಗುವುದು ಕಷ್ಟ, ಮಳೆಗಾಲದಲ್ಲಿ ಸುಲಭ. ಹುಬ್ಬಳ್ಳಿಯಿಂದ ಬರುವವರು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬಂದು, ಅಲ್ಲಿಂದ ಆಟೊ ಹಿಡಿಯಬೇಕು.