ರಾಮ್ಸೇ ದೆವ್ವಗಳು ಎರಡೆರಡಾಗಿ: ಮಾಂಡೋ ಮಕಾಬ್ರೋ ಡಿವಿಡಿಗಳಲ್ಲಿ ಯಾವುದರ ಜೊತೆ ಯಾವುದು ನೋಡಬೇಕು

ಮೊದಲು ತೀರ್ಪು ಹೇಳಿಬಿಡುತ್ತೇವೆ. ಮಾಂಡೋ ಮಕಾಬ್ರೋ ಸಂಸ್ಥೆ ತಂದ 'ಬಾಲಿವುಡ್ ಹಾರರ್ ಕಲೆಕ್ಷನ್' ಡಿವಿಡಿಗಳ ಮೂರು ಸಂಪುಟಗಳಲ್ಲಿ ಮೊದಲನೆಯದು ಎಲ್ಲಿ ಸಿಕ್ಕರೂ ಕೊಳ್ಳಿ, ಅದರ ಎರಡೂ ಚಿತ್ರಗಳನ್ನು ಒಂದೇ ರಾತ್ರಿ ನೋಡಿ. ಎರಡನೆಯದರಲ್ಲಿ ಒಂದು ಚಿತ್ರ ಬಂಗಾರ, ಇನ್ನೊಂದು ಸಾಧಾರಣ. ಮೂರನೆಯದನ್ನು ಚಿತ್ರಗಳಿಗಾಗಿ ಕೊಳ್ಳಬಹುದು, ಆದರೆ ಆ ಎರಡನ್ನು ಒಟ್ಟಿಗೆ ಕೂತು ನೋಡಬೇಡಿ.

ಪೀಟ್ ಟೂಂಬ್ಸ್ ಮತ್ತು ಆಂಡಿ ಸ್ಟಾರ್ಕ್ ಕಟ್ಟಿದ ಈ ಸಂಸ್ಥೆಗೆ ಲೋಕದ ಮೂಲೆ ಮೂಲೆಯ ವಿಚಿತ್ರ ಚಿತ್ರಗಳನ್ನು ಹುಡುಕಿ ತರುವುದೇ ಕಸುಬು. ರಾಮ್ಸೇ ಸಹೋದರರ ಆರು ಹಿಂದಿ ಚಿತ್ರಗಳನ್ನು ಅವರು ಸಂಪುಟಕ್ಕೆ ಎರಡರಂತೆ ಹಂಚಿದರು: ಮೊದಲನೆಯದರಲ್ಲಿ 'ಬಂದ್ ದರ್ವಾಜಾ', 'ಪುರಾನಾ ಮಂದಿರ್', ಎರಡನೆಯದರಲ್ಲಿ 'ವೀರಾನಾ', 'ಪುರಾನಿ ಹವೇಲಿ', ಮೂರನೆಯದರಲ್ಲಿ 'ಮಹಾಕಾಲ್', 'ತಹಖಾನಾ'. ಆಮೇಲೆ ಇದೇ ಆರನ್ನೂ ಒಟ್ಟು ಸೇರಿಸಿ ಬ್ಲೂ-ರೇ ಪೆಟ್ಟಿಗೆಯೊಂದನ್ನೂ ಹೊರತಂದಿದ್ದಾರೆ. ಕೆಳಗೆ ಹೇಳುವ ಜೋಡಣೆ, ಟಿವಿ ಸೆಟ್ಟಿಂಗು ಎರಡಕ್ಕೂ ಸಲ್ಲುತ್ತದೆ.

ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿ ಅಮೆರಿಕ, ಬ್ರಿಟನ್ನಿನ ಥಿಯೇಟರುಗಳಲ್ಲಿ ಬೇರುಬಿಟ್ಟದ್ದಕ್ಕೆ ಒಂದು ಸರಳ ಕಾರಣವಿತ್ತು. ಅಲ್ಲಿನ ಅಗ್ಗದ ಚಿತ್ರಗಳ ಉದ್ದ 70ರಿಂದ 90 ನಿಮಿಷ. ನಮ್ಮ ಟೆಂಟಿನಲ್ಲಿ ಫಸ್ಟ್ ಶೋ, ಸೆಕೆಂಡ್ ಶೋ ಎರಡಕ್ಕೂ ಒಂದೇ ಚಿತ್ರ. ಅದೊಂದೇ ಎರಡೂವರೆ ಗಂಟೆ ತಿನ್ನುತ್ತಿತ್ತು. ರಾಮ್ಸೇ ಚಿತ್ರಗಳೂ ಆ ಅಳತೆಯವೇ, ಹೆಚ್ಚಿನವು ಎರಡೂಕಾಲು ಗಂಟೆಯ ಆಸುಪಾಸು. ಎರಡು ಸೇರಿದರೆ ಐದು ಗಂಟೆಗೆ ಹತ್ತಿರ. ಜೋಡಿ ಸರಿಯಾಗದಿದ್ದರೆ ಎರಡನೆಯ ಚಿತ್ರದ ಮೊದಲ ಹಾಡಿಗೇ ಮನೆಮಂದಿ ಹಾಸಿಗೆ ಸೇರುತ್ತಾರೆ. ಆದ್ದರಿಂದ ಪ್ರತಿ ಚಿತ್ರದ ಗುಣದಷ್ಟೇ ಅದು ಪಕ್ಕದ ಚಿತ್ರಕ್ಕೆ ಹೊಂದುತ್ತದೆಯೇ ಎಂಬುದನ್ನೂ ಇಲ್ಲಿ ತೂಗಿದ್ದೇವೆ.

ರಾಮ್ಸೇಗಳ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು. ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ಎಫ್. ಯು. ರಾಮ್ಸೇ ದೇಶವಿಭಜನೆಯ ನಂತರ ಮುಂಬೈಗೆ ಬಂದರು. ಏಳು ಗಂಡುಮಕ್ಕಳು. 1970ರಲ್ಲಿ ಅವರು ಮಾಡಿದ 'ಏಕ್ ನನ್ಹೀ ಮುನ್ನೀ ಲಡಕೀ ಥೀ' ಸೋತಿತು, ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ಹಾಕಿ ಕಳ್ಳತನಕ್ಕೆ ಹೋಗುವ ದೃಶ್ಯಕ್ಕೆ ಮಾತ್ರ ಜನ ಕುರ್ಚಿಯ ತುದಿಗೆ ಬರುತ್ತಿದ್ದರು. ಮಕ್ಕಳು ಅದನ್ನು ಗಮನಿಸಿದರು, 1972ರ 'ದೋ ಗಜ್ ಜಮೀನ್ ಕೇ ನೀಚೇ'ಯಿಂದ ದೆವ್ವದ ದಾರಿಯನ್ನೇ ಹಿಡಿದರು. ತುಳಸಿ ಮತ್ತು ಶ್ಯಾಮ್ ನಿರ್ದೇಶನ, ಗಂಗು ಕ್ಯಾಮೆರಾ, ಕುಮಾರ್ ಬರವಣಿಗೆ, ಕಿರಣ್ ಧ್ವನಿ, ಅರ್ಜುನ್ ಸಂಕಲನ: ಒಂದೇ ಮನೆಯ ಕೈಗಳು. ಆರು ಚಿತ್ರಗಳ ಬೆಳಕು, ಹೊಗೆ, ಕಿರುಚಾಟ ಎಲ್ಲವೂ ಒಂದೇ ಮನೆಯ ಅಡುಗೆಯಂತೆ ರುಚಿಸುವುದು ಅದಕ್ಕೇ. ಜೋಡಿ ಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಸರಕು ಹಿಂದಿಯಲ್ಲಿ ಇನ್ನೊಂದಿಲ್ಲ.

ಮೊದಲ ಸಂಪುಟದ ಎಳೆ ಒಬ್ಬ ನಟ: ಅನಿರುದ್ಧ್ ಅಗರ್ವಾಲ್. ರೂರ್ಕಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರು. ಆ ಎತ್ತರ, ಆ ಉದ್ದ ಮುಖಕ್ಕೆ ಹೆಚ್ಚು ಮೇಕಪ್ಪೇ ಬೇಕಾಗಲಿಲ್ಲ. 1984ರ 'ಪುರಾನಾ ಮಂದಿರ್'ನಲ್ಲಿ ಅವರು ಸಾಮ್ರಿ: ರಾಜ ಅವನ ತಲೆ ಕಡಿಸಿ ಪೆಟ್ಟಿಗೆಯಲ್ಲಿ ಬಂಧಿಸಿಡುತ್ತಾನೆ, ಮುಂಡವನ್ನು ಬೇರೆ ಕಡೆ ಹೂಳಿಸುತ್ತಾನೆ; ಸಾಯುವ ಮುನ್ನ ಸಾಮ್ರಿ ಕೊಟ್ಟ ಶಾಪದಿಂದ ಆ ವಂಶದ ಹೆಣ್ಣುಗಳು ಹೆರಿಗೆಯಲ್ಲಿ ಸಾಯುತ್ತಾರೆ. 1990ರ 'ಬಂದ್ ದರ್ವಾಜಾ'ದಲ್ಲಿ ಅದೇ ನಟ ನೇವ್ಲಾ, ಕಾಲೀ ಪಹಾಡಿಯಲ್ಲಿ ಮಲಗಿರುವ ರಕ್ತಪಿಪಾಸು. ಮಕ್ಕಳಿಲ್ಲದ ಹೆಂಗಸು ಅವನ ಬಳಿ ಹೋಗುತ್ತಾಳೆ. ಹುಟ್ಟಿದ್ದು ಗಂಡಾದರೆ ಅವಳದು, ಹೆಣ್ಣಾದರೆ ಅವನದು ಎಂಬುದು ಕರಾರು.

ಸಂಪುಟದ ಹೆಸರಿನಲ್ಲಿ 'ಬಂದ್ ದರ್ವಾಜಾ' ಮೊದಲಿದೆ. ನೋಡುವಾಗ ತಿರುಗಿಸಿ, 1984ರದ್ದನ್ನು ಮೊದಲು ಹಾಕಿ. ಸಾಮ್ರಿಯ ಕಥೆ ನೇರ: ತಲೆ ಎಲ್ಲಿ, ಮುಂಡ ಎಲ್ಲಿ, ಎರಡೂ ಸೇರಿದರೆ ಏನು. ಹೊಸಬರಿಗೂ ತಕ್ಷಣ ಹಿಡಿತ ಸಿಗುತ್ತದೆ. ಆರು ವರ್ಷದ ನಂತರದ ಚಿತ್ರದಲ್ಲಿ ಕ್ಯಾಮೆರಾ ಹೆಚ್ಚು ಓಡಾಡುತ್ತದೆ, ಕೆಂಪು ನೀಲಿ ಬೆಳಕು ದಟ್ಟವಾಗುತ್ತದೆ, ದೆವ್ವ ಆಸೆ ಪಡುತ್ತದೆ. ಸಾಮ್ರಿಯನ್ನು ನೋಡಿದ ಕಣ್ಣಿಗೆ ನೇವ್ಲಾ ಬೆಳೆದು ನಿಂತಂತೆ ಕಾಣುತ್ತಾನೆ. ಹಿಂದುಮುಂದಾಗಿ ನೋಡಿದರೆ 'ಪುರಾನಾ ಮಂದಿರ್' ಸಪ್ಪೆ ಅನ್ನಿಸಿಬಿಡುತ್ತದೆ. ಅದು ಆ ಚಿತ್ರಕ್ಕೆ ಮಾಡುವ ಅನ್ಯಾಯ.

'ಪುರಾನಾ ಮಂದಿರ್'ನಲ್ಲಿ ಜಗದೀಪ್ ಅವರ ಹಾಸ್ಯದ ಭಾಗವಿದೆ, 'ಶೋಲೆ'ಯ ಅಣಕು. ಮುಖ್ಯ ಕಥೆಗೆ ಪಕ್ಕದಲ್ಲಿ ತನ್ನ ಪಾಡಿಗೆ ಓಡುತ್ತದೆ. ಒಂದೇ ಚಿತ್ರ ನೋಡುವ ದಿನ ಇರಲಿ. ಎರಡು ನೋಡುವ ದಿನ ರಿಮೋಟಿನಿಂದ ಮುಂದಕ್ಕೆ ಓಡಿಸಿದರೆ ಕಥೆ ಕಡಿಯುವುದಿಲ್ಲ. ಹಾಡುಗಳನ್ನು ಮಾತ್ರ ಓಡಿಸಬೇಡಿ. ರಾಮ್ಸೇ ಚಿತ್ರದಲ್ಲಿ ಹಾಡು ಮುಗಿದ ಕೂಡಲೇ ಏನಾದರೂ ಆಗುತ್ತದೆ. ಹಾಡಿನ ಸಡಿಲತೆ ಇದ್ದರೇ ಆ ಏಟು ತಾಗುವುದು.

ಎರಡನೆಯ ಸಂಪುಟದ ಬಂಗಾರ 1988ರ 'ವೀರಾನಾ'. ಮಾಟಗಾತಿ ನಕಿತಾಳ ಪ್ರೇತ ಹುಡುಗಿಯೊಬ್ಬಳ ಮೈಮೇಲೆ ಬರುವ ಕಥೆ. ಆ ಹುಡುಗಿಯ ಪಾತ್ರದಲ್ಲಿ ಜಾಸ್ಮಿನ್, ಸಂಗೀತ ಬಪ್ಪಿ ಲಾಹಿರಿ, ಬಾಬಾನಾಗಿ ರಾಜೇಶ್ ವಿವೇಕ್. ಆ ಕಣ್ಣುಗಳು ನೆನಪಿನಿಂದ ಬೇಗ ಹೋಗುವುದಿಲ್ಲ. ಆರರಲ್ಲಿ ಒಂದನ್ನೇ ನೋಡುವವರಿಗೆ ನಮ್ಮ ಸಲಹೆ ಇದೇ. 1989ರ 'ಪುರಾನಿ ಹವೇಲಿ'ಯಲ್ಲಿ ನಡೆದಾಡುವ ಕಬ್ಬಿಣದ ಮೂರ್ತಿ ಒಂದು ಒಳ್ಳೆಯ ಕಲ್ಪನೆ, ಉಳಿದದ್ದು ಎಳೆದಾಡಿದ್ದು. 'ವೀರಾನಾ' ನಂತರ ಹಾಕಿದರೆ ಅದು ನಿಲ್ಲುವುದಿಲ್ಲ.

ಮೂರನೆಯದರಲ್ಲಿ ಜೋಡಣೆಯೇ ತಪ್ಪಿದೆ. 1986ರ 'ತಹಖಾನಾ' ನೆಲಮಾಳಿಗೆ, ನಿಧಿ, ಎರಡು ತುಂಡಾದ ಲಾಕೆಟ್‌ನ ಕಥೆ. ಹಳೆಯ ಜಾನಪದದ ವಾಸನೆಯದು. 'ಮಹಾಕಾಲ್' ಕಾಲೇಜು ಹುಡುಗರ ಕನಸಿಗೆ ಬಂದು ಉಗುರಿನ ಕೈಗವಸಿನಿಂದ ಸೀಳುವ ಶಕಾಲ್‌ನ ಕಥೆ. 1984ರ ಅಮೆರಿಕನ್ ಚಿತ್ರ 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್'ನಿಂದ ಎತ್ತಿದ್ದು ಎಂಬುದು ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತದೆ. ಒಂದು ಚಿತ್ರ ನಿಧಾನವಾಗಿ ಕೆಳಗಿಳಿಯುತ್ತದೆ, ಇನ್ನೊಂದು ಜಾನಿ ಲಿವರ್ ಹಾಸ್ಯದ ಜೊತೆ ಕುಣಿಯುತ್ತದೆ. ಒಂದರ ಗುಂಗು ಇನ್ನೊಂದನ್ನು ಕೊಲ್ಲುತ್ತದೆ.

ಹಾಗಾಗಿ ಪೆಟ್ಟಿಗೆ ಬಿಚ್ಚಿ ಬೇರೆ ಜೋಡಿ ಮಾಡಿಕೊಳ್ಳಿ. 'ತಹಖಾನಾ' ಜೊತೆ 'ಪುರಾನಾ ಮಂದಿರ್' ಇಡಬಹುದು: ಎರಡರಲ್ಲೂ ಹಿರಿಯರು ಹೂತಿಟ್ಟದ್ದನ್ನು ಕಿರಿಯರು ಅಗೆಯುತ್ತಾರೆ, ಎರಡರಲ್ಲೂ ಆರತಿ ಗುಪ್ತಾ ಮತ್ತು ಪುನೀತ್ ಇಸ್ಸಾರ್ ಇದ್ದಾರೆ. 'ಮಹಾಕಾಲ್'ಗೂ ಮೊದಲು ಮೂಲದ ಅಮೆರಿಕನ್ ಚಿತ್ರವನ್ನೇ ಹಾಕಿ. ಅದು ಒಂದೂವರೆ ಗಂಟೆಯದು, ಒಟ್ಟು ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಕದ್ದ ದೃಶ್ಯ ಯಾವುದು, ರಾಮ್ಸೇಗಳು ಸೇರಿಸಿದ್ದು ಯಾವುದು ಎಂದು ಸಾಲುಸಾಲಾಗಿ ಗುರುತಿಸುವ ಖುಷಿ ಬೇರೆಯೇ.

ಕನ್ನಡಿಗರಿಗೆ ಇನ್ನೊಂದು ಜೋಡಿ ಇದೆ, ಇದನ್ನು ಯಾವ ವಿದೇಶಿ ಸಂಸ್ಥೆಯೂ ಮಾಡಿಕೊಡಲಾರದು. 1979ರ 'ನಾ ನಿನ್ನ ಬಿಡಲಾರೆ' ಮೊದಲು, 'ವೀರಾನಾ' ಆಮೇಲೆ. ವಿಜಯ್ ನಿರ್ದೇಶನದ ಆ ಚಿತ್ರದಲ್ಲಿ ಹೆಣ್ಣಿನ ಪ್ರೇತ ಬರುವುದು ಗಂಡಸಿನ ಮೈಮೇಲೆ. ಅನಂತ್ ನಾಗ್ ಅವರ ನಡಿಗೆ, ನೋಟ, ನಗು ಬದಲಾಗುವುದನ್ನು ನೋಡಿದ ಮೇಲೆ ಹುಡುಗಿಯೊಬ್ಬಳ ಮೈಮೇಲೆ ಅದೇ ಬಗೆಯ ಪ್ರೇತ ಬಂದಾಗ ಚಿತ್ರ ಏನೇನು ಬದಲಾಯಿಸುತ್ತದೆ ನೋಡಿ. ಒಂದರಲ್ಲಿ ಮಂತ್ರಾಲಯದ ರಾಯರ ಮೇಲಿನ ಭಕ್ತಿ ಮನೆಯನ್ನು ಕಾಯುತ್ತದೆ, ಇನ್ನೊಂದರಲ್ಲಿ ಮನೆಯೊಳಗಿನ ಬಾಬಾನೇ ಕೇಡು. ಒಂದರಲ್ಲಿ ಲಕ್ಷ್ಮಿಯವರ ಹೆಂಡತಿ ಪಾತ್ರ ಕಥೆಯ ಬೆನ್ನೆಲುಬು, ಇನ್ನೊಂದರಲ್ಲಿ ಹೆಣ್ಣೇ ಭಯ. ಈ ಎರಡನ್ನು ಬೇರೆ ಬೇರೆ ದಿನ ನೋಡಿದರೆ ಇದೆಲ್ಲ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮಟ್ಟಿಗೆ ಈ ಜೋಡಿಗೆ ಸಾಟಿಯಿಲ್ಲ.

ಈಗ ಡಿಸ್ಕಿನ ವಿಚಾರ. ಧ್ವನಿ ಹಿಂದಿ, ಸಬ್‌ಟೈಟಲ್ ಇಂಗ್ಲಿಷ್, ಕನ್ನಡ ಇಲ್ಲ. ಸಂಭಾಷಣೆ ಸುಲಭದ ಹಿಂದಿಯಾದ್ದರಿಂದ ಹೆಚ್ಚು ತೊಡಕಾಗದು. ಕೊಳ್ಳುವ ಮುನ್ನ ಹಿಂಬದಿಯಲ್ಲಿ ರೀಜನ್ ಗುರುತು ನೋಡಿ, ಡಿಸ್ಕ್ ಯಾವ ದೇಶದ ಪ್ಲೇಯರಿನಲ್ಲಿ ಓಡುತ್ತದೆ ಎಂದು ಹೇಳುವುದು ಅದೇ. ಡಿವಿಡಿಗೆ ಅಮೆರಿಕದ್ದು 1, ಭಾರತದ್ದು 5; ಬ್ಲೂ-ರೇಗೆ ಅಮೆರಿಕದ್ದು ಎ, ಭಾರತದ್ದು ಸಿ. 0 ಅಥವಾ ಆಲ್ ಎಂದಿದ್ದರೆ ಚಿಂತೆಯಿಲ್ಲ. ಕಂಪ್ಯೂಟರ್ ಡ್ರೈವಿನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ, ಆಮೇಲೆ ಕೊನೆಯದರಲ್ಲೇ ಗಟ್ಟಿಯಾಗಿಬಿಡುತ್ತದೆ.

ನಮ್ಮಲ್ಲಿ ಹೆಚ್ಚಾಗಿ ಆಗುವ ಎಡವಟ್ಟು ಬೇರೆ. ಅಮೆರಿಕದ ಡಿಸ್ಕುಗಳು ಎನ್‌ಟಿಎಸ್‌ಸಿ ಎಂಬ ಅಲ್ಲಿನ ವೀಡಿಯೊ ಪದ್ಧತಿಯವು. ಇಲ್ಲಿ ಮಾರಾಟವಾದ ಹಳೆಯ ಪ್ಲೇಯರುಗಳಲ್ಲಿ ಟಿವಿ ಸಿಸ್ಟಮ್ ಪಾಲ್, ಅಂದರೆ ನಮ್ಮ ಕಡೆಯ ಪದ್ಧತಿ, ಎಂದು ಇಟ್ಟಿರುತ್ತಾರೆ. ಹಾಗೇ ಬಿಟ್ಟರೆ ಪ್ಲೇಯರು ಸೆಕೆಂಡಿಗೆ 60ರ ಲೆಕ್ಕವನ್ನು 50ಕ್ಕೆ ಇಳಿಸಲು ಹೋಗಿ ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗಲೆಲ್ಲ ಚಿತ್ರ ಮುಗ್ಗರಿಸುತ್ತದೆ. ಸೆಟ್ಟಿಂಗಿಗೆ ಹೋಗಿ ಆಟೋ ಅಥವಾ ಎನ್‌ಟಿಎಸ್‌ಸಿ ಮಾಡಿ. ಡಿಸ್ಕ್ ಎರಡು ಪದರದ್ದಾದರೆ ನಡುವೆ ಒಂದೆಡೆ ಅರೆಕ್ಷಣ ಚಿತ್ರ ನಿಂತು ಮುಂದುವರಿಯಬಹುದು. ಅದು ಪದರ ಬದಲಾಗುವ ಜಾಗ, ಕೆಟ್ಟಿದ್ದಲ್ಲ. ಕೆಟ್ಟದ್ದು ತಿಳಿಯಬೇಕೆಂದರೆ ಡಿಸ್ಕನ್ನು ಬೆಳಕಿಗೆ ಹಿಡಿಯಿರಿ: ಸೂಜಿಮೊನೆಯಂಥ ತೂತುಗಳು, ಅಂಚಿನಿಂದ ಕಂದು ಬಣ್ಣ ಹರಡಿದ್ದರೆ ಅಂಥ ಸೆಕೆಂಡ್ ಹ್ಯಾಂಡ್ ಪ್ರತಿಯನ್ನು ಬಿಟ್ಟುಬಿಡಿ.

ಟಿವಿಯಲ್ಲಿ ಮೂರು ಕೆಲಸ. ಪಿಕ್ಚರ್ ಮೋಡನ್ನು ಸಿನಿಮಾ ಅಥವಾ ಮೂವಿಗೆ ಇಡಿ. ಚಲನೆಯನ್ನು ನಯಗೊಳಿಸುವ ಸೌಲಭ್ಯ ತೆಗೆಯಿರಿ: ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗಿನಲ್ಲಿ ಆಟೋ ಮೋಷನ್ ಪ್ಲಸ್. ಅದು ಇದ್ದರೆ ರಾಮ್ಸೇ ಚಿತ್ರ ಧಾರಾವಾಹಿಯಂತೆ ಕಾಣುತ್ತದೆ, ಮುಖವಾಡದ ಅಂಟು ಎದ್ದು ತೋರುತ್ತದೆ. ನಾಯ್ಸ್ ರಿಡಕ್ಷನ್ ಪೂರ್ತಿ ಆಫ್ ಮಾಡಿ, ಇಲ್ಲವಾದರೆ ಫಿಲಂ ಕಣದ ಜೊತೆ ಹೊಗೆಯೂ ಮಾಯವಾಗುತ್ತದೆ. ಚಿತ್ರ ಎರಡು ಬದಿ ಕಪ್ಪುಪಟ್ಟಿ ಬಿಟ್ಟು ಚೌಕವಾಗಿ ಬಂದರೆ ಎಳೆದು ಹಿಗ್ಗಿಸಬೇಡಿ. ಜೂಮ್ ಮಾಡಿದರೆ ದೆವ್ವದ ನೆತ್ತಿಯೂ ಸಬ್‌ಟೈಟಲ್ಲೂ ಒಟ್ಟಿಗೆ ಕತ್ತರಿಸಿಹೋಗುತ್ತವೆ.

ಕತ್ತಲು ಬೂದಿಬಣ್ಣಕ್ಕೆ ತಿರುಗಿದ್ದರೆ ಬ್ರೈಟ್‌ನೆಸ್ ಮುಟ್ಟುವ ಮೊದಲು ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್ ನೋಡಿ, ಪ್ಲೇಯರಿಗೂ ಟಿವಿಗೂ ಹೊಂದಿಕೆಯಾಗದಿದ್ದಾಗ ಹಾಗಾಗುತ್ತದೆ. ಧ್ವನಿ ಹಳೆಯ ಮಾನೋ, ಸಂಭಾಷಣೆಯೆಲ್ಲ ಆಮೇಲೆ ಡಬ್ ಮಾಡಿದ್ದು. ಸೌಂಡ್‌ಬಾರಿನ ಸರೌಂಡ್ ಮೋಡ್ ಹಾಕಿದರೆ ಮಾತು ಬಾವಿಯಿಂದ ಬಂದಂತೆ ಕೇಳುತ್ತದೆ. ಸ್ಟಿರಿಯೋದಲ್ಲೇ ಬಿಡಿ, ಟ್ರೆಬಲ್ ಎರಡು ಮೆಟ್ಟಿಲು ಇಳಿಸಿ. ಐದು ಗಂಟೆಯ ಕಿರುಚಾಟಕ್ಕೆ ಕಿವಿ ಉಳಿಯಬೇಕಲ್ಲ.

ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುವಾಗ ಡಿಸ್ಕ್ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಉತ್ತರ ಹೊಗೆಯಲ್ಲಿದೆ. ನೀಲಿ ಕತ್ತಲಲ್ಲಿ ತೇಲುವ ಹೊಗೆಯನ್ನು ಕಡಿಮೆ ಬಿಟ್‌ರೇಟಿನ (ಸೆಕೆಂಡಿಗೆ ಕಡಿಮೆ ಮಾಹಿತಿ ಹೊತ್ತ) ವೀಡಿಯೊ ತಾಳಲಾರದು. ಪ್ರತಿ ಕ್ಷಣ ಇಡೀ ಪರದೆ ಬದಲಾಗುವುದರಿಂದ ಅದು ಚೌಕ ಚೌಕವಾಗಿ ಒಡೆಯುತ್ತದೆ. ಡಿವಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 9.8 ಮೆಗಾಬಿಟ್‌ವರೆಗೆ ಜಾಗವಿದೆ, ಹೊಗೆ ಹೊಗೆಯಾಗಿಯೇ ಉಳಿಯುತ್ತದೆ. ಬಡ ಸೆಟ್ಟನ್ನು ಅರಮನೆ ಮಾಡುತ್ತಿದ್ದುದು ಆ ಹೊಗೆಯೇ. ಅದು ಒಡೆದರೆ ಗಂಗು ರಾಮ್ಸೇ ಕ್ಯಾಮೆರಾದ ಅರ್ಧ ಕೆಲಸ ವ್ಯರ್ಥ.

ಸಮಯದ ಲೆಕ್ಕ: ಸಂಜೆ 6.15ಕ್ಕೆ ಶುರು ಮಾಡಿ. ಇಂಟರ್‌ವಲ್ ಫಲಕ ಬಂದಾಗ ಹತ್ತು ನಿಮಿಷ ನಿಲ್ಲಿಸಿ; ಕಥೆಯನ್ನು ಅಲ್ಲಿ ನಿಲ್ಲಿಸಲೆಂದೇ ಕಟ್ಟಿರುತ್ತಾರೆ. ಒಂಬತ್ತರೊಳಗೆ ಮೊದಲನೆಯದು ಮುಗಿಯುತ್ತದೆ. ಊಟ ಎರಡರ ನಡುವೆಯೇ ಆಗಲಿ, ಆದರೆ ಮುದ್ದೆ, ಬಿರಿಯಾನಿಯಂಥ ಭಾರದ ಊಟ ಬೇಡ, ಎರಡನೆಯದರ ಅರ್ಧಕ್ಕೇ ಕಣ್ಣು ಎಳೆಯುತ್ತದೆ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ, ಚಹಾ ಸಾಕು. 9.30ಕ್ಕೆ ಎರಡನೆಯದನ್ನು ಹಾಕಿದರೆ ಹನ್ನೆರಡರ ಹೊತ್ತಿಗೆ ಮುಗಿಯುತ್ತದೆ. ಟಿವಿಯ ಹಿಂದೆ ಒಂದು ಮಂದ ಬಲ್ಬು ಉರಿಯುತ್ತಿರಲಿ, ಪೂರ್ತಿ ಕತ್ತಲಲ್ಲಿ ಐದು ಗಂಟೆ ಕಣ್ಣು ನೋಯುತ್ತದೆ. ಚಿಕ್ಕ ಮಕ್ಕಳನ್ನು ಮೊದಲೇ ಮಲಗಿಸಿ, ಇವು ಅವರಿಗಾಗಿ ಮಾಡಿದ ಚಿತ್ರಗಳಲ್ಲ. ಮೊದಲ ಸಲ ಮಾಡುವವರು ಮೊದಲ ಸಂಪುಟದಿಂದ ಶುರು ಮಾಡಿ, ಮುಂದಿನ ಶನಿವಾರ 'ನಾ ನಿನ್ನ ಬಿಡಲಾರೆ' ಜೊತೆ 'ವೀರಾನಾ'.